ಊರಲ್ಲಿಲ್ಲದವರ ಪರವಾಗಿ

ಬಳ್ಳಾರಿಯಿಂದ ಕುರುಗೋಡಿಗೆ, ಅತ್ತ ಸಿರುಗುಪ್ಪಕ್ಕೆ ಹೋಗುವ ಬಸ್ಸುಗಳಲ್ಲಿ, ಪಂಚಾಯಿತಿ ಕಟ್ಟೆಗಳಲ್ಲಿ, ಕಾಲುವೆ ಏರಿಯ ಮೇಲೆ ಗುಳೆಯ ಮಾತು ಎತ್ತಿದರೆ ಸಾಕು, ವಾದ ಹುಟ್ಟುತ್ತದೆ. ಹಾಗೆ ಕೇಳಿಸಿಕೊಂಡದ್ದನ್ನು ಇಲ್ಲಿ ಮೂವರ ಬಾಯಿಗೆ ಹಂಚಿದ್ದೇನೆ. ಒಬ್ಬರು ತಾಲೂಕು ಪಂಚಾಯಿತಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಅವರಿಗೆ ಸಿರುಗುಪ್ಪದ ಕಡೆ ಸ್ವಲ್ಪ ಗದ್ದೆ ಇದೆ. ಇನ್ನೊಬ್ಬಳು ಕುರುಗೋಡು ತಾಲೂಕಿನಲ್ಲಿ ಕೂಲಿಕಾರರನ್ನು ಸಂಘಟಿಸುವ ಕಾರ್ಯಕರ್ತೆ. ಮೂರನೆಯವನು ತಡವಾಗಿ ಬಂದು ಸೇರುತ್ತಾನೆ. ಹೆಸರು ಯಾರಿಗೂ ಬೇಡ. ಇಂಥವರು ನಮ್ಮ ಕಡೆ ಊರೂರಿಗೂ ಇದ್ದಾರೆ. ಮಾತು ಶುರುವಾದದ್ದು ಆಗಷ್ಟೇ ಮುಗಿದ ಗ್ರಾಮಸಭೆಯಿಂದ.

ಕಾರ್ಯಕರ್ತೆ: ಇವತ್ತು ಕಾಲೊನಿಯಿಂದ ಯಾರು ಬಂದಿದ್ರು ನೋಡಿದ್ರಾ ಸರ್? ಮುದುಕಿಯರು, ಅವರ ಸೆರಗು ಹಿಡಿದ ಮೊಮ್ಮಕ್ಕಳು. ದುಡಿಯೋ ವಯಸ್ಸಿನವರು ಒಬ್ಬರೂ ಇಲ್ಲ. ಚರಂಡಿ, ಸಿಸಿ ರಸ್ತೆ, ಸಮುದಾಯ ಭವನ ಅಂತ ಕ್ರಿಯಾ ಯೋಜನೆ ಓದಿದ್ರು, ಕೈ ಎತ್ತಿಸಿದ್ರು, ನಡಾವಳಿ ಬರೆದ್ರು. ಯಾರ ಹೆಸರಲ್ಲಿ ಯೋಜನೆ ಆಗ್ತಿದೆಯೋ ಅವರು ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾರೆ.

ಹಿರಿಯರು: ಅದಕ್ಕ ನೀನು ಅವರ ಪರವಾಗಿ ಎದ್ದು ನಿಂತಿ. ತಪ್ಪು ಅನ್ನಂಗಿಲ್ಲ. ಆದ್ರ ಒಂದು ಕೇಳ್ತೀನಿ ತಾಯಿ. ನಮ್ಮ ಪರವಾಗಿ ಮಾತಾಡು ಅಂತ ಅವರು ನಿನಗ ಹೇಳ್ಯಾರೇನು? ಪಂಚಾಯಿತಿ ಮೆಂಬರು ಓಟು ತಗೊಂಡು ಬಂದಾನ. ಸರಿಯಾಗಿ ಮಾಡಲಿಲ್ಲಂದ್ರ ಐದು ವರ್ಷಕ್ಕ ಇಳಿಸಬಹುದು. ನಿಮ್ಮ ಸಂಘಟನೆಯನ್ನ ಇಳಿಸೋದು ಹೆಂಗ?

ಕಾರ್ಯಕರ್ತೆ: ಓಟಿನ ದಿನ ಬೆಂಗಳೂರಿಗೆ ಗಾಡಿ ಕಳಿಸಿ ಕರೆಸ್ತಾರೆ ಸರ್. ಗ್ರಾಮಸಭೆಗೆ ಯಾರೂ ಗಾಡಿ ಕಳಿಸಲ್ಲ. ಇಳಿಸೋ ಹಕ್ಕು ಒಂದು ದಿನದ್ದು. ಉಳಿದ ದಿನಗಳಲ್ಲಿ ಅವರ ಹೆಸರಲ್ಲಿ ದುಡ್ಡು ಖರ್ಚಾಗ್ತಾ ಇರುತ್ತೆ. ಆ ದಿನಗಳಲ್ಲಿ ಕೇಳೋರು ಒಬ್ಬರಾದರೂ ಬೇಕಲ್ಲ?

ಹಿರಿಯರು: ಬೇಕು. ಆದ್ರ ಕೇಳೋರು ತಮಗ ಬೇಕಾದ್ದನ್ನ ಕೇಳ್ತಾರೋ, ಹೋದವನಿಗೆ ಬೇಕಾದ್ದನ್ನೋ, ಅದನ್ನ ನೋಡೋರು ಯಾರು? ನಮ್ಮ ಜಿಲ್ಲಾದಾಗ ಜನರ ಸಂಘಟನೆ ಗೆದ್ದಷ್ಟು ದೊಡ್ಡದು ಇನ್ನೆಲ್ಲಿ ಗೆದ್ದೈತಿ ಹೇಳು. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಾಗ ಸುಪ್ರೀಂ ಕೋರ್ಟಿಗೆ ಹೋತು. ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ 2011ರ ಜುಲೈ 27ಕ್ಕ ಬಂತು. ಎರಡು ದಿನ ಬಿಟ್ಟು, ಜುಲೈ 29ಕ್ಕ, ಕೋರ್ಟು ಬಳ್ಳಾರಿ ಜಿಲ್ಲಾದ ಗಣಿ ನಿಲ್ಲಿಸಿಬಿಡ್ತು. ಮುಖ್ಯಮಂತ್ರಿ ಖುರ್ಚಿ ಬಿಟ್ರು. ಇಷ್ಟೆಲ್ಲ ಆಗಿದ್ದು ಓಟು ತಗೊಳ್ಳದವರಿಂದ.

ಕಾರ್ಯಕರ್ತೆ: ಓಟು ತಗೊಂಡವರು ಮಾಡದೇ ಹೋದದ್ದರಿಂದ ಸರ್. ಆ ವರದಿಯಲ್ಲೇ ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಇದೆ. ಸಂಡೂರಿನ ಗುಡ್ಡ ಕರಗಿತು, ಹೊಲಗಳ ಮೇಲೆ ಕೆಂಧೂಳು ಕೂತಿತು, ಶಾಲೆಗೆ ಹೋಗಬೇಕಾದ ಮಕ್ಕಳು ಅದಿರು ಒಡೆದರು. ಅದನ್ನು ತಡೆಯೋಕೆ ಚುನಾವಣೆವರೆಗೂ ಕಾಯಬೇಕಿತ್ತಾ?

ಹಿರಿಯರು: ಕಾಯಬೇಕಿತ್ತು ಅನ್ನಲಿಲ್ಲ. ಮರುದಿನದ ಮಾತು ಆಡ್ತೀನಿ. ಲಾರಿ ಡ್ರೈವರು, ಕ್ಲೀನರು, ಲೋಡಿಂಗ್ ಮಾಡೋನು, ರಸ್ತೆ ಬದಿ ಚಹಾ ಮಾರೋಳು, ಅವರೆಲ್ಲ ಆ ಜುಲೈ ಆದಮ್ಯಾಲೆ ಎಲ್ಲಿ ಹೋದ್ರು? ಸಾಲ ಮಾಡಿ ಲಾರಿ ತಗೊಂಡ ನಮ್ಮ ಕಡೆ ಹುಡುಗರು ಕಂತು ಕಟ್ಟಲಾರದ ಗಾಡಿ ಬಿಟ್ಟುಕೊಟ್ರು. ಎಷ್ಟೋ ಮಂದಿ ಬೆಂಗಳೂರು ಬಸ್ ಹತ್ತಿದ್ರು. ಕೋರ್ಟಿನಾಗ ಕಾಡಿನ ಪರವಾಗಿ ವಕೀಲರಿದ್ರು, ಕಂಪನಿ ಪರವಾಗಿ ವಕೀಲರಿದ್ರು. ಕೂಲಿಯವನು ಆ ಕಟ್ಟಿ ಹತ್ತಿದ್ದು ಯಾವಾಗ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಈ ಪ್ರಶ್ನೆ ನನ್ನನ್ನೂ ಬಹಳ ಕಾಲದಿಂದ ಕಾಡಿದೆ. ಅಕ್ರಮ ಗಣಿಗಾರಿಕೆಯನ್ನು ನಿಲ್ಲಿಸಿದ್ದು ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನೆಲ, ನೀರು, ಕಾಡು ಉಳಿಸುವ ಹೋರಾಟಕ್ಕೆ ಬಳ್ಳಾರಿ ದೇಶಕ್ಕೇ ದಾರಿ ತೋರಿಸಿತು. ಆದರೆ ಆ ಹೋರಾಟದ ಭಾಷೆಯಲ್ಲಿ ಗುಡ್ಡಕ್ಕೆ ಇದ್ದಷ್ಟು ಜಾಗ ಗುಡ್ಡದ ಮೇಲೆ ದುಡಿಯುತ್ತಿದ್ದವನಿಗೆ ಇರಲಿಲ್ಲ. ಸಾಲ, ಕಂತು, ಖಾಲಿ ಲಾರಿ ಇವೆಲ್ಲ ಮನೆಮನೆಯ ದುಃಖವಾಗಿ ಉಳಿದವು. ನೀತಿಯ ಪ್ರಶ್ನೆ ಆಗಲಿಲ್ಲ.

ಕಾರ್ಯಕರ್ತೆ: ನೀವು ಹೇಳಿದ್ದು ನಿಜ. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರು ಸಂಘ ಕಟ್ಟಿಕೊಂಡು ಪುನರ್ವಸತಿ ಕೇಳ್ತಾ ಬಂದಿದ್ದಾರೆ, ಪೂರ್ತಿ ಸಿಕ್ಕಿಲ್ಲ. ಆದರೆ ಹಾಗೆ ಕೇಳೋಕೆ ಒಂದು ಬಾಗಿಲು ಇದೆಯಲ್ಲ, ಅದನ್ನು ತೆರೆದದ್ದೂ 2009ರ ಆ ಅರ್ಜಿಯೇ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು, ಅದಿರಿಗೆ ವರ್ಷದ ಮಿತಿ ಹಾಕಿದರು, ಮಾರಾಟದ ದುಡ್ಡಿನಲ್ಲಿ ಒಂದು ಪಾಲು ಈ ನೆಲದ ಪುನಶ್ಚೇತನಕ್ಕೆ ಅಂತ ತೆಗೆದಿಟ್ಟರು. ಇವತ್ತು ಗಣಿ ಪರಿಸರ ಪುನಶ್ಚೇತನ ನಿಗಮ, ಅಂದರೆ ಕೆಎಂಇಆರ್‌ಸಿ ಹತ್ತಿರ ಇರೋ ಯೋಜನೆ ಸುಮಾರು 25 ಸಾವಿರ ಕೋಟಿಯದು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ನಾಲ್ಕು ಜಿಲ್ಲೆಗೆ. ಅರ್ಜಿ ಹಾಕದೇ ಇದ್ದಿದ್ದರೆ ಆ ದುಡ್ಡು ಇರ್ತಾನೇ ಇರಲಿಲ್ಲ.

ಹಿರಿಯರು: ದುಡ್ಡು ಬಂತು, ಖರೇ. ಅದನ್ನ ಎಲ್ಲಿ ಹಾಕಬೇಕು ಅಂತ ಹೇಳೋರು ಯಾರು? ಮ್ಯಾಲೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರ ಪ್ರಾಧಿಕಾರ, ಕೆಳಗ ಅಧಿಕಾರಿಗಳು. ಜಿಲ್ಲಾ ಖನಿಜ ನಿಧಿ, ಡಿಎಂಎಫ್ ಅಂತಾರಲ್ಲ, ಆ ದುಡ್ಡೂ ಹಂಗ. 2015ರ ಗಣಿ ಕಾಯ್ದೆ ತಿದ್ದುಪಡಿ ಆದಮ್ಯಾಲೆ ಹಳೇ ಗುತ್ತಿಗೆಯವರು ರಾಜಧನದ ಮ್ಯಾಲೆ ನೂರಕ್ಕ 30 ಕೊಡಬೇಕು, ಹರಾಜಿನಾಗ ತಗೊಂಡವರು 10. ಕಾಗದದಾಗ ಗ್ರಾಮಸಭೆನ ಕೇಳಬೇಕು ಅಂತೈತಿ. ಗ್ರಾಮಸಭೆ ಹೆಂಗಿತ್ತು ಅಂತ ನೀನೇ ಈಗ ಹೇಳ್ದಿ.

ಕಾರ್ಯಕರ್ತೆ: ಅದಕ್ಕೇ ಸರ್ ನಾವು ಕೇಳೋದು, ಗುಳೆಯನ್ನೂ ಗಣಿಯ ಪರಿಣಾಮ ಅಂತ ಲೆಕ್ಕಕ್ಕೆ ತಗೊಳ್ಳಿ ಅಂತ. ಧೂಳು ಬಿದ್ದ ಊರು ಬಾಧಿತ ಪ್ರದೇಶ ಆಗುತ್ತೆ. ಗಣಿ ನಿಂತು ಕೂಲಿ ಹೋದ ಊರು ಯಾಕೆ ಆಗಬಾರದು? ಕುರುಗೋಡಿನ, ಸಿರುಗುಪ್ಪದ ಹಳ್ಳಿಗಳಲ್ಲಿ ಹಾಸ್ಟೆಲ್ ಕಟ್ಟಲಿ. ಅಪ್ಪ ಅಮ್ಮ ದುಡಿಯೋಕೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲಿ. ಒಡಿಶಾದಲ್ಲಿ ಇಟ್ಟಿಗೆ ಭಟ್ಟಿಗೆ ಹೋಗೋರ ಮಕ್ಕಳಿಗೆ ಅಂತಲೇ ಹಂಗಾಮಿನ ಹಾಸ್ಟೆಲ್ ಮಾಡಿದ್ದಾರೆ.

ಹಿರಿಯರು: ಸಂಡೂರಿನವರು ಸುಮ್ಮನಿರ್ತಾರೇನು? ಧೂಳು ತಿಂದವರು ನಾವು, ಹಾಸ್ಟೆಲ್ ಸಿರುಗುಪ್ಪಕ್ಕಾ ಅಂತಾರ. ಅವರು ಕೇಳೋದೂ ನ್ಯಾಯ. ಇದನ್ನ ತೂಗಿ ನೋಡೋನು ಓಟಿಗೆ ಉತ್ತರ ಕೊಡೋನು ಆಗಬೇಕು ಅಂತ ನಾನು ಹೇಳೋದು. ನೀನು ಒಂದು ಊರಿನ ಪರ ನಿಲ್ಲಬಹುದು. ಜಿಲ್ಲಾ ಅಂದ್ರ ಎಲ್ಲರ ಪರ ನಿಲ್ಲಬೇಕು.

ಇಲ್ಲಿಂದ ಮಾತು ನೀರಿಗೆ ಹೊರಳಿತು. ಸಿರುಗುಪ್ಪದವರ ಜೊತೆ ಯಾವ ಮಾತು ಎತ್ತಿದರೂ ಕಡೆಗೆ ನೀರಿಗೇ ಬರುತ್ತದೆ, ಬರಲೇಬೇಕು. ತುಂಗಭದ್ರೆ ಹರಿಯುವ, ಅಕ್ಕಿ ಗಿರಣಿಗಳಿರುವ ತಾಲೂಕಿನಿಂದ ಜನ ಯಾಕೆ ಗುಳೆ ಹೋಗುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ. ಹಿರಿಯರು ಅದಕ್ಕೆ ಹಿಂದಿನಿಂದ ಹೇಳಿಕೊಂಡು ಬಂದರು.

ಹಿರಿಯರು: ಡ್ಯಾಂ ಮುಗಿದದ್ದು 1953ರಾಗ. ಅದೇ ವರ್ಷ ಅಕ್ಟೋಬರ್ 1ಕ್ಕ ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯ ಸೇರ್ತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಹೋದ್ವು. ನೀರು ಬಂತು. ನೀರಿನ ಸುದ್ದಿ ಕೇಳಿ ಕೃಷ್ಣಾ, ಗೋದಾವರಿ ಕಡೆ ರೈತರು ಬಂದ್ರು. ಭತ್ತ ಬೆಳಿಯೋದು ಅವರಿಗೆ ಗೊತ್ತಿತ್ತು, ಕೈಯಾಗ ರೊಕ್ಕ ಇತ್ತು. ಎರೆ ಹೊಲದಾಗ ಜೋಳ, ಹತ್ತಿ ಬೆಳೀತಿದ್ದ ನಮ್ಮ ಮಂದಿಗೆ ಗದ್ದಿ ಮಾಡೋದು ಗೊತ್ತಿರಲಿಲ್ಲ. ನೆಲ ಮಟ್ಟ ಮಾಡಿಸಾಕ ರೊಕ್ಕ ಇರಲಿಲ್ಲ. ಅಗ್ಗದಾಗ ಮಾರಿದ್ರು. ಬಂದವರು ಕ್ಯಾಂಪ್ ಕಟ್ಟಿದ್ರು. ಇವತ್ತಿಗೂ ಊರಿನ ಹೆಸರಿಗೆ ಕ್ಯಾಂಪ್ ಅಂತ ಸೇರೈತಿ. ಎಷ್ಟೋ ಮಂದಿ ತಾವು ಮಾರಿದ ಹೊಲದಾಗ ತಾವೇ ಕೂಲಿ ಮಾಡಿದ್ರು. ಬಂದವರನ್ನ ನಾನು ಬೈಯಂಗಿಲ್ಲ. ಬೆವರು ಸುರಿಸ್ಯಾರ, ಮೂರು ತಲಿ ಆತು, ನಮ್ಮವರೇ ಆಗ್ಯಾರ. ಆದ್ರ ಕಾಲುವಿ ನಕ್ಷಿ ಹಾಕಿದ ಸರ್ಕಾರ, ನೀರು ಬಂದಮ್ಯಾಲೆ ನೆಲ ಯಾರ ಕೈಯಾಗ ಉಳೀತೈತಿ ಅಂತ ನಕ್ಷಿ ಹಾಕಲಿಲ್ಲ.

ಕಾರ್ಯಕರ್ತೆ: ಆಗ ಕೇಳೋ ಸಂಘಟನೆ ಇದ್ದಿದ್ದರೆ?

ಹಿರಿಯರು: ಕೇಳ್ತಿತ್ತೇನೋ. ಅದನ್ನ ಒಪ್ಪಿಕೊಳ್ತೀನಿ. ಸಣ್ಣ ಹಿಡುವಳಿದಾರನಿಗೆ ನೆಲ ಮಟ್ಟ ಮಾಡಾಕ ಸಾಲ ಕೊಡ್ರಿ ಅಂತ ಯಾರಾದ್ರೂ ಗದ್ದಲ ಮಾಡಿದ್ರ ಆಟ ಬ್ಯಾರೆ ಇರ್ತಿತ್ತು.

ಕಾರ್ಯಕರ್ತೆ: ಈಗಿನದ್ದು ಹೇಳ್ತೀನಿ. ಭತ್ತದಲ್ಲಿ ಕೂಲಿ ಇರೋದು ನಾಟಿಗೆ, ಕಳೆಗೆ, ಕೊಯ್ಲಿಗೆ. ಕೊಯ್ಲನ್ನು ತಮಿಳುನಾಡಿನಿಂದ ಬರೋ ಯಂತ್ರಗಳು ತಗೊಂಡುಬಿಟ್ಟವು. ಉಳಿದದ್ದು ಹೆಂಗಸರ ನಾಟಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯ್ತು. ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು, ಆ ವರ್ಷ ಹೇಗೋ ಉಳೀತು. ಆಮೇಲೆ 33 ಗೇಟುಗಳನ್ನೂ ಬದಲಿಸಬೇಕು ಅಂತ ತೀರ್ಮಾನ ಆಗಿ, 2025-26ರ ಎರಡನೇ ಬೆಳೆಗೆ ನೀರಿಲ್ಲ ಅಂದರು. ಗೇಟು ಬದಲಿಸಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ರೈತ ಸಂಘಟನೆಗಳು ಬೀದಿಗಿಳಿದವು, ಎಕರೆ ಲೆಕ್ಕದಲ್ಲಿ ಪರಿಹಾರ ಕೇಳಿದವು. ಒಂದು ಇಡೀ ಹಂಗಾಮಿನ ನಾಟಿ ಕೂಲಿ ಕಳಕೊಂಡ ಹೆಂಗಸಿಗೆ ಏನು ಕೊಡ್ತೀರಿ ಅಂತ ನೀವು ಕೇಳಿದ್ರಾ ಸರ್?

ಹಿರಿಯರು: ಆ ಧರಣಿಯಾಗ ನಾನೂ ಕೂತಿದ್ದೆ. ಇಲ್ಲ, ಕೇಳಲಿಲ್ಲ. ಯಾಕಂದ್ರ ಎಕರೆಗೆ ಪಹಣಿ ಐತಿ. ಸರ್ವೆ ನಂಬರ್ ಹೇಳಿದ್ರ ಲೆಕ್ಕ ಬರ್ತೈತಿ. ಕೂಲಿಗೆ ಎಲ್ಲೈತಿ ಪಹಣಿ?

ಕಾರ್ಯಕರ್ತೆ: ಕುಡಿತಿನಿ ಕಡೆಯದ್ದೂ ಇದೇ ಕಥೆ. ಉಕ್ಕಿನ ಕಾರ್ಖಾನೆ ಬರುತ್ತೆ ಅಂತ ಸಾವಿರಾರು ಎಕರೆ ತಗೊಂಡರು, ಕಾರ್ಖಾನೆ ಬರಲಿಲ್ಲ. ಭೂಮಿ ಕೊಟ್ಟವರು 2022ರ ಡಿಸೆಂಬರಿನಿಂದ ಧರಣಿ ಕೂತರು. ಅದು ದೊಡ್ಡ ಹೋರಾಟ, ನಾನು ಅದರ ಜೊತೆ ಇದ್ದೀನಿ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರು ಮೊದಲೇ ಬೇರೆ ಕಡೆ ಹೊರಟುಹೋಗಿದ್ದರು. ನೆಲ ಇದ್ದವನು ಧರಣಿ ಕೂರಬಹುದು. ಏನೂ ಇಲ್ಲದವನು ಬಸ್ ಹತ್ತಬೇಕು. ಅವನ ಜಾಗದಲ್ಲಿ ಕೂರೋರು ಯಾರೂ ಇಲ್ಲದಿದ್ದರೆ ಅವನ ಮಾತು ಯಾವ ಫೈಲಿಗೂ ಹೋಗಲ್ಲ.

ಹಿರಿಯರು: ಪಹಣಿ ಇಲ್ಲದವನಿಗೂ ಜಾಬ್ ಕಾರ್ಡ್ ಐತಲ್ಲ. ಗೋಡಿ ಗೋಡಿಗೂ ಬರೆಸಿದ್ವಿ, ‘ವಲಸೆ ಯಾಕ್ರಿ? ನಿಮ್ಮೂರಲ್ಲೇ ಉದ್ಯೋಗ ಖಾತ್ರಿ’ ಅಂತ. ಆದ್ರೂ ಹೋದ್ರು.

ಕಾರ್ಯಕರ್ತೆ: 2025-26ರಲ್ಲಿ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಅದರ ದುಪ್ಪಟ್ಟಿಗೂ ಹೆಚ್ಚು. ಖಾತ್ರಿ ಕೂಲಿ ಎಂದು ಬರುತ್ತೆ ಅಂತ ಹೇಳೋಕಾಗಲ್ಲ, ಮೇಸ್ತ್ರಿ ಶನಿವಾರ ಬಟವಾಡೆ ಮಾಡ್ತಾನೆ. ಇಷ್ಟಾದರೂ ಆ ಕಾಯ್ದೆಯಿಂದ ನಮ್ಮ ಹೆಂಗಸರಿಗೆ ಒಂದು ಬಲ ಬಂತು. ಅದು ಬಂದದ್ದೂ ಸರ್ಕಾರದ ಕೋಣೆಯಿಂದಲ್ಲ ಸರ್. ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಅವರ ಜೊತೆಗಾರರು ಮಸ್ಟರ್ ರೋಲನ್ನು ಊರ ಮಧ್ಯೆ ಓದಿಸಿದರು. ಅದರಿಂದ ಮಾಹಿತಿ ಹಕ್ಕು ಬಂತು, 2005ರ ಖಾತ್ರಿ ಕಾಯ್ದೆಯೊಳಗೆ ಸಾಮಾಜಿಕ ಪರಿಶೋಧನೆ ಬಂತು. ನಮ್ಮ ಉತ್ತರ ಕರ್ನಾಟಕದಲ್ಲಿ ಗ್ರಾಕೂಸ್‌ನಂಥ ಸಂಘಟನೆಗಳು ಕೆಲಸ ಕೇಳೋ ಫಾರಂ ನಂಬರ್ 6 ತುಂಬಿಸಿ, ಸ್ವೀಕೃತಿ ಕೊಡಿ ಅಂತ ಪಂಚಾಯಿತಿ ಮುಂದೆ ಕೂತವು. ನೀವು ಆಗ ಒಳಗಿದ್ರಿ, ನಿಮಗೆ ಗೊತ್ತು.

ಹಿರಿಯರು: ಗೊತ್ತೈತಿ. ಕೂತವರ ಮ್ಯಾಲೆ ಸಿಟ್ಟು ಬರ್ತಿತ್ತು. ಆದ್ರ ಕೂತ ಊರಾಗ ಕೆಲಸ ಆಗ್ತಿತ್ತು, ಕೂರದ ಊರಾಗ ಯಂತ್ರ ಬಂದು ಕೆರಿ ಹೂಳು ತೆಗೆದು ಹೋಗ್ತಿತ್ತು. ಅದನ್ನ ಕಣ್ಣಾರೆ ನೋಡೀನಿ. ಆದ್ರ ಈಗಿನ ಹೊಸ ಕಾಯ್ದೆ ಬಗ್ಗೆ ನಾನು ನಿನ್ನ ಜೊತೆ ಇಲ್ಲ. 2025ರ ಡಿಸೆಂಬರಿನಾಗ ಪಾಸಾತಲ್ಲ, 125 ದಿನ ಕೊಡ್ತೀವಿ, ಬಿತ್ತನೆ, ಕೊಯ್ಲಿನ ಕಾಲದಾಗ ಒಟ್ಟು 60 ದಿನ ನಿಲ್ಲಿಸ್ತೀವಿ ಅಂತ. ಸಣ್ಣ ರೈತಗ ನಾಟಿ ಹೊತ್ತಿಗೆ ಆಳು ಸಿಗಂಗಿಲ್ಲ ತಾಯಿ. ನೀರು ಬಿಟ್ಟ ಹದಿನೈದು ದಿನದಾಗ ನಾಟಿ ಮುಗೀಬೇಕು. ಅದು ನನಗ ಬೇಕಾದ ಮಾತು.

ಕಾರ್ಯಕರ್ತೆ: ನಿಮಗೆ ಬೇಕಾದ್ದು, ಹೌದು. ಖಾತ್ರಿ ಕೆಲಸ ಇದ್ದರೆ ನಾಟಿ ಕೂಲಿಗೆ ಅವಳು ಒಂದು ದರ ಹೇಳ್ತಾಳೆ. ಆ 60 ದಿನ ಅದನ್ನು ಮುಚ್ಚಿದರೆ ನೀವು ಹೇಳಿದ ದರಕ್ಕೆ ಬರ್ತಾಳೆ, ಇಲ್ಲ ಬೆಂಗಳೂರಿಗೆ ಹೋಗ್ತಾಳೆ. ಖರ್ಚಿನಲ್ಲಿ ನೂರಕ್ಕೆ 40 ಪಾಲು ರಾಜ್ಯದ ಮೇಲೆ ಹಾಕಿದ್ದಾರೆ. ದುಡ್ಡಿಲ್ಲ ಅನ್ನೋ ಉತ್ತರ ಇನ್ನು ಎರಡು ಕಡೆಯಿಂದ ಬರುತ್ತೆ. ಇಪ್ಪತ್ತು ವರ್ಷ ನಡೆದ ಕಾಯ್ದೆಯನ್ನು ಸಂಸತ್ತು ಕೆಲವೇ ದಿನಗಳಲ್ಲಿ ಬದಲಿಸಿಬಿಡ್ತು. ಓಟು ತಗೊಂಡವರೇ ತೂಗಿ ನೋಡಬೇಕು ಅಂದ್ರಲ್ಲ, ಕೂಲಿಕಾರರನ್ನು ಕೇಳಿ ತೂಗಿದ್ರಾ?

ಹಿರಿಯರು: ಕೇಳಲಿಲ್ಲ. ಕೇಳಬೇಕಿತ್ತು. ಕೇಳಿದ್ದರ ನಾನೂ ಬಂದು ನನ್ನ ಗದ್ದಿ ಕಷ್ಟ ಹೇಳ್ತಿದ್ದೆ. ಅಲ್ಲಿ ನೀನು ಒಬ್ಬಳೇ ಕೂಲಿಕಾರರ ಮಾತು ಆಡಿದ್ರ ಅದನ್ನೂ ನಾನು ಒಪ್ಪತಿದ್ದಿಲ್ಲ.

ಅಷ್ಟರಲ್ಲಿ ಮೂರನೆಯವನು ಬಂದು ಕಟ್ಟೆಯ ತುದಿಗೆ ಕೂತ. ಊರಿನವನೇ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಆಳು ಕರೆದುಕೊಂಡು ಹೋಗುವ ಮೇಸ್ತ್ರಿ. ಕರೆದುಕೊಂಡು ಹೋದವರಲ್ಲಿ ಅವನ ಅಕ್ಕ, ಭಾವ, ಅವರ ಮಕ್ಕಳೂ ಇದ್ದಾರೆ. ಗುಳೆಯ ಚರ್ಚೆಯಲ್ಲಿ ಇವನನ್ನು ದಲ್ಲಾಳಿ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ರೂಢಿ. ಅದು ಅವಸರದ ತೀರ್ಮಾನ ಎಂದು ನನ್ನ ಅಭಿಪ್ರಾಯ.

ಮೇಸ್ತ್ರಿ: ನೀವಿಬ್ರೂ ಅವರ ಪರ ಯಾರು ಅಂತ ಜಗಳ ಆಡಾಕತ್ತೀರಿ. ಮಗಳ ಮದುವಿಗೆ ಮುಂಗಡ ಕೊಡೋನು ನಾನು. ಶೆಡ್ ಹಾಕಿಸೋನು ನಾನು. ರಾತ್ರಿ ಹೆರಿಗಿ ಬ್ಯಾನಿ ಬಂದ್ರ ಆಟೋ ತರೋನು ನಾನು. ಒಬ್ಬ ಮ್ಯಾಲಿಂದ ಬಿದ್ರ ಬಿಲ್ಡರ್ ಹತ್ರ ಹೋಗಿ ರೊಕ್ಕ ಕೇಳೋನೂ ನಾನೇ. ಲಾಕ್‌ಡೌನಿನಾಗ ಸಂಘದವರು ಅಕ್ಕಿ ಕಿಟ್ ಕೊಟ್ರು, ದೇವರು ಒಳ್ಳೇದು ಮಾಡ್ಲಿ. ಊರು ಮುಟ್ಟಿಸಿದವನು ನಾನು.

ಕಾರ್ಯಕರ್ತೆ: ನೀನು ಮುಟ್ಟಿಸಿದೆ ಅಣ್ಣ, ಎಲ್ಲರಿಗೂ ನಿನ್ನಂಥವನು ಸಿಗಲಿಲ್ಲ. 2020ರ ಏಪ್ರಿಲಿನಲ್ಲಿ ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ಹೊರಟ ಕಟ್ಟಡ ಕೆಲಸದ ಹೆಣ್ಣುಮಗಳು ನಮ್ಮ ಬಳ್ಳಾರಿ ಆಸ್ಪತ್ರೆಯಲ್ಲೇ ಜೀವ ಬಿಟ್ಟಳು. ಮೇ ಮೊದಲ ವಾರದಲ್ಲಿ ಬಿಲ್ಡರುಗಳ ಜೊತೆ ಸಭೆ ಆದಮೇಲೆ ಸರ್ಕಾರ ಶ್ರಮಿಕ ರೈಲುಗಳನ್ನೇ ರದ್ದು ಮಾಡಿತ್ತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿನಲ್ಲಿದ್ದವು, ಊರೆಲ್ಲ ಗಲಾಟೆ ಆಯ್ತು, ಎರಡು ಮೂರು ದಿನದಲ್ಲಿ ರೈಲು ಮತ್ತೆ ಹೊರಟವು. ಒಬ್ಬ ಮೇಸ್ತ್ರಿ ತನ್ನ ಗ್ಯಾಂಗನ್ನು ಕಾಪಾಡಬಹುದು. ರೈಲು ಬಿಡಿಸೋದು ಅವನ ಕೈಲಾಗುತ್ತಾ?

ಮೇಸ್ತ್ರಿ: ಆಗಂಗಿಲ್ಲ. ಆ ರೈಲು ಬಿಹಾರ, ಯುಪಿಯವರಿಗೆ. ನಮಗ ಯಾವ ರೈಲು?

ಕಾರ್ಯಕರ್ತೆ: ಅದನ್ನೇ ಹೇಳೋಕೆ ಬಂದೆ. 1979ರ ಕಾಯ್ದೆ ಇತ್ತು, ಅಂತರರಾಜ್ಯ ವಲಸೆ ಕಾರ್ಮಿಕರದ್ದು. ಹೋಗಿ ಬರೋ ಖರ್ಚು, ಊರು ಬಿಟ್ಟದ್ದಕ್ಕೆ ಭತ್ಯೆ ಎಲ್ಲ ಅದರಲ್ಲಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಐದು ಜನ ಇದ್ದರೆ ಅನ್ವಯ ಅನ್ನೋದನ್ನು ಹತ್ತಕ್ಕೆ ಏರಿಸಿದ್ದಾರೆ, ಊರು ಬಿಟ್ಟದ್ದರ ಭತ್ಯೆ ತೆಗೆದಿದ್ದಾರೆ. ಎರಡರಲ್ಲೂ ಒಂದು ಮಾತು ಹಾಗೇ ಇದೆ: ರಾಜ್ಯದ ಗಡಿ ದಾಟಬೇಕು. ಸಿರುಗುಪ್ಪದವಳು ಗಡಿ ಆಚೆಯ ಆದೋನಿಗೆ ಗುತ್ತಿಗೆದಾರನ ಜೊತೆ ಹೋದರೆ ವಲಸೆ ಕಾರ್ಮಿಕಳು. ಮುನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಹೋದರೆ ಈ ಕಾಯ್ದೆ ಅವಳನ್ನು ನೋಡೋದೇ ಇಲ್ಲ.

ಹಿರಿಯರು: ಕಟ್ಟಡ ಕಾರ್ಮಿಕರ ಮಂಡಳಿ ಐತಿ. 2021ರ ಆಗಸ್ಟಿನಿಂದ ಇ-ಶ್ರಮ್ ಐತಿ, ಅದೂ ಸುಪ್ರೀಂ ಕೋರ್ಟು ಚುರುಕು ಮುಟ್ಟಿಸಿದ ಮ್ಯಾಲೆ.

ಮೇಸ್ತ್ರಿ: ಇ-ಶ್ರಮ್ ಕಾರ್ಡ್ ಎಲ್ಲಾರ ಮನ್ಯಾಗೂ ಐತಿ ಸರ್. ಟ್ರಂಕಿನಾಗ. ಅದರಿಂದ ಏನು ಬಂತು ಅಂತ ಯಾರೂ ನನಗ ಹೇಳಿಲ್ಲ.

ಕಾರ್ಯಕರ್ತೆ: ಕೇರಳ 2017ರಲ್ಲಿ ಹೊರಗಿಂದ ಬಂದ ಕೆಲಸಗಾರರಿಗೆ ಆವಾಜ್ ಅಂತ ವಿಮೆ ಮಾಡಿತು. ಉದಯಪುರದ ಆಜೀವಿಕಾ ಬ್ಯೂರೋ 2005ರಿಂದ ಊರಲ್ಲೊಂದು, ಕೆಲಸಕ್ಕೆ ಹೋದ ಪಟ್ಟಣದಲ್ಲೊಂದು ಕಚೇರಿ ಇಟ್ಟು ಗುರುತಿನ ಚೀಟಿ, ಬಾಕಿ ಕೂಲಿ, ಕಾನೂನು ನೆರವು ನೋಡ್ತಿದೆ. ನಮ್ಮಲ್ಲಿ ಸಂಘಟನೆಯೂ ಊರಲ್ಲೇ ನಿಂತುಬಿಟ್ಟಿದೆ, ಪಂಚಾಯಿತಿಯೂ ಊರಲ್ಲೇ. ಜನ ಮಾತ್ರ ಹೋಗಿದ್ದಾರೆ. ಇದು ನಮ್ಮ ಕೊರತೆ, ನಾನು ಮುಚ್ಚಿಡಲ್ಲ.

ಹಿರಿಯರು: ಕೇರಳಕ್ಕ ಬಂದವರು ಬ್ಯಾರೆ ರಾಜ್ಯದವರು, ಎದ್ದು ಕಾಣ್ತಾರ. ಬೆಂಗಳೂರಿನವರ ಕಣ್ಣಿಗೆ ನಾವು ಸ್ವಂತ ರಾಜ್ಯದವರು, ಅದಕ್ಕ ಲೆಕ್ಕಕ್ಕಿಲ್ಲ. ನಮ್ಮ ಕಡೆಗೆ ಸಂವಿಧಾನದ 371(ಜೆ) ಬಂದು ಇಷ್ಟು ವರ್ಷ ಆತು. ಓದಿದವರಿಗೆ ನೌಕರಿ ಮೀಸಲಾತಿ, ಮೆಡಿಕಲ್ ಸೀಟು ಸಿಕ್ಕಾವು, ಅದು ಸಣ್ಣ ಮಾತಲ್ಲ. ಏಳನೇ ಕ್ಲಾಸಿಗೆ ಬಿಟ್ಟವನಿಗೆ ಬಸ್ ಟಿಕೆಟ್ಟೇ ಸಿಕ್ಕಿದ್ದು. ಬಳ್ಳಾರಿಯೊಳಗ ಜೀನ್ಸ್ ಹೊಲಿಗಿ ಐತಿ, ಸರಿಯಾಗಿ ಬೆಳೆಸಿದ್ರ ಕುರುಗೋಡಿನ ಹುಡುಗೀರು ದಿನಾ ಹೋಗಿ ಬರಬಹುದಿತ್ತು. 2023ರ ಎಲೆಕ್ಷನ್ನಾಗ ಜೀನ್ಸ್ ಪಾರ್ಕ್ ಅಂದ್ರು. ಅದರ ಬೆನ್ನು ಬೀಳ್ರಿ ಅಂತ ನಿಮಗ ಹೇಳ್ತೀನಿ. ಹೋದವರನ್ನ ಲೆಕ್ಕ ಮಾಡೋದಕ್ಕಿಂತ ಹೋಗದಂಗ ಮಾಡೋದು ದೊಡ್ಡದು.

ಮೇಸ್ತ್ರಿ: ಹೋಗದಂಗ ಅಂತ ಯಾಕ ಅಂತೀರಿ ಸರ್? ನನ್ನ ಅಕ್ಕ ಬೆಂಗಳೂರಾಗ ದುಡಿದು ಇಲ್ಲಿ ಎರಡು ಕೋಣಿ ಮನಿ ಹಾಕ್ಯಾಳ. ಊರಾಗ ಇದ್ದಿದ್ರ ಗೌಡರ ಮನಿ ಮುಂದ ಚಪ್ಪಲಿ ಬಿಟ್ಟು ನಿಂದರಬೇಕಿತ್ತು. ಅಲ್ಲಿ ಯಾವ ಕುಲ ಅಂತ ಬಿಲ್ಡರ್ ಕೇಳಂಗಿಲ್ಲ. ಹೋಗೋದು ತಪ್ಪಿಸಬ್ಯಾಡ್ರಿ. ಹೋದಾಗ ಬೀಳದಂಗ ಮಾಡ್ರಿ.

ಈ ಮಾತು ಬಂದ ಮೇಲೆ ಇಬ್ಬರಿಗೂ ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಗುಳೆಯನ್ನು ನಿಲ್ಲಿಸುವುದೇ ಅಭಿವೃದ್ಧಿ ಎಂದು ಸರ್ಕಾರ ಗೋಡೆಯ ಮೇಲೆ ಬರೆಸಿತು. ಬಹಳಷ್ಟು ಸಂಘಟನೆಗಳೂ ಹಾಗೇ ನಂಬಿವೆ. ಊರಿನ ಜಾತಿಯ ಭಾರದಿಂದ ಸ್ವಲ್ಪ ಹೊತ್ತಾದರೂ ಹೊರಬರಲು ಹೋಗುವವರ ಲೆಕ್ಕ ಆ ಎರಡೂ ಕಡೆ ಇಲ್ಲ. ಬಳ್ಳಾರಿಯ ಜನಸಂಘಟನೆಗಳು ನೀತಿ ರೂಪಿಸುವಲ್ಲಿ ದೊಡ್ಡ ಪಾತ್ರ ವಹಿಸಿದ್ದು ಕದಲದ ವಸ್ತುಗಳ ವಿಷಯದಲ್ಲಿ: ಅದಿರು, ನೆಲ, ನೀರು. ಕದಲುವ ಮನುಷ್ಯನ ವಿಷಯದಲ್ಲಿ ಅವು ಇನ್ನೂ ದಾರಿ ಹುಡುಕುತ್ತಿವೆ. ಅರ್ಜಿ, ಧರಣಿ, ಗ್ರಾಮಸಭೆ ಈ ಮೂರಕ್ಕೂ ಜನ ಅಲ್ಲೇ ಇರಬೇಕು.

ಕಾರ್ಯಕರ್ತೆ: ಹಾಗಾದರೆ ಒಂದು ಕೇಳ್ತೀನಿ. ಮೊಹರಂಗೆ, ಪೀರಲ ಹಬ್ಬಕ್ಕೆ, ಎಲ್ಲಿದ್ದರೂ ಬರ್ತಾರೆ. ಆಗ ಒಂದು ಗ್ರಾಮಸಭೆ ಕರೆಯೋಕೆ ಏನು ಅಡ್ಡಿ? ಆರು ತಿಂಗಳಿಗೆ ಒಂದಾದರೂ ನಡೆಸಬೇಕು ಅಂತ ಕಾಯ್ದೆ ಹೇಳುತ್ತೆ. ಹಬ್ಬದಲ್ಲಿ ಬೇಡ ಅಂತ ಎಲ್ಲೂ ಇಲ್ಲ.

ಹಿರಿಯರು: ಅಡ್ಡಿ ಇಲ್ಲ. ಆದ್ರ ಮೊಹರಂ ವರ್ಷಕ್ಕ ಹತ್ತು ಹನ್ನೊಂದು ದಿನ ಹಿಂದ ಸರೀತೈತಿ. ಕ್ರಿಯಾ ಯೋಜನೆ ಕೆಲಸ ಅಕ್ಟೋಬರ್ 2ರಿಂದ ಶುರು. ಹಬ್ಬದಾಗ ಹೇಳಿದ್ದು ಯೋಜನೆ ಒಳಗ ಸೇರಬೇಕಂದ್ರ ನಡಾವಳಿ ಆಗ ಬರೆದಿಟ್ಟು ಅಕ್ಟೋಬರಿನಾಗ ಓದಿಸಬೇಕು. ಅದಕ್ಕ ಪಿಡಿಒ ಒಪ್ಪಬೇಕು. ಒಪ್ಪಿಸೋ ಕೆಲಸ ನಾನು ಮಾಡ್ತೀನಿ.

ಮೇಸ್ತ್ರಿ: ಹಬ್ಬದ ರಾತ್ರಿ ಕುಣಿಯೋ ಮಂದಿನ ಸಭಾದಾಗ ಕೂಡ್ರಸ್ತೀರೇನು? ಬಂದ್ರೂ ಮೂರೇ ದಿನ ಇರ್ತಾರ. ಬೆಂಗಳೂರಾಗ ಶೆಡ್ ಹತ್ರ ಭಾನುವಾರ ಮಾಡ್ರಿ, ಅರ್ಧ ಊರು ಅಲ್ಲೇ ಐತಿ.

ಹಿರಿಯರು: ಪಂಚಾಯಿತಿ ಗಡಿ ಆಚೆ ಕೂತ್ರ ಅದು ಗ್ರಾಮಸಭೆ ಆಗಂಗಿಲ್ಲಪ್ಪ.

ಕಾರ್ಯಕರ್ತೆ: ಗ್ರಾಮಸಭೆ ಅನ್ನೋದು ಬೇಡ. ಅಲ್ಲಿ ಕೂತು ಮಾತಾಡಿ ಬರೆದದ್ದನ್ನು ಇಲ್ಲಿ ಓದಿಸೋಣ. ಅದಕ್ಕೆ ಮೊದಲು ಒಂದು ಪಟ್ಟಿ ಬೇಕು. ಯಾರು, ಯಾವ ಸೈಟು, ಯಾವ ಬಿಲ್ಡರು, ಮಕ್ಕಳು ಎಲ್ಲಿದ್ದಾರೆ. ಅಣ್ಣ, ನಿನ್ನ ಗ್ಯಾಂಗಿನಿಂದಲೇ ಶುರು ಮಾಡೋಣ.

ಮೇಸ್ತ್ರಿ: ಬಿಲ್ಡರ್ ಹೆಸರು ಬರೆದ್ರ ನಾಳೆ ಅವನು ನನ್ನ ಬಿಟ್ಟು ಯುಪಿ ಗ್ಯಾಂಗ್ ಕರೆಸ್ತಾನ. ಆಮ್ಯಾಲೆ ಇವರಿಗೆ ಕೆಲಸ ನೀನು ಕೊಡ್ತೀಯೇನವ್ವ?

ಹಿರಿಯರು: ಪಟ್ಟಿ ಪಂಚಾಯಿತಿಯಾಗ ಇರಲಿ, ಸಂಘದಾಗ ಬ್ಯಾಡ. ಸರ್ಕಾರಿ ದಾಖಲಿ ಆದ್ರ ಅದಕ್ಕೊಂದು ತೂಕ ಇರ್ತೈತಿ.

ಕಾರ್ಯಕರ್ತೆ: ಊರಲ್ಲಿಲ್ಲದವರ ಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟರೆ ಆ ಜಾಬ್ ಕಾರ್ಡುಗಳ ಮೇಲೆ ಬಿಲ್ ಎತ್ತೋರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ ಸರ್. ಎಷ್ಟು ಸಲ ಪರಿಶೋಧನೆಯಲ್ಲಿ ಹಿಡಿದಿಲ್ಲ ಇದನ್ನು?

ಹಿರಿಯರು: ಅದೂ ಖರೇ.

ಮೇಸ್ತ್ರಿ: ಎಲ್ಲಿ ಇಟ್ರೂ ಮೊದಲು ನಾನು ಅವರನ್ನ ಕೇಳ್ತೀನಿ. ಬ್ಯಾಡ ಅಂದವರ ಹೆಸರು ಬರೆಯಂಗಿಲ್ಲ.

ಕಾರ್ಯಕರ್ತೆ: ಬೇಡ ಅಂದವರು ನಾಳೆ ಬಿದ್ದರೆ?

ಹಿರಿಯರು: ಬ್ಯಾಡ ಅಂದವರ ಪರ ಕೇಳೋ ಅಧಿಕಾರ ನಿನಗೂ ಇಲ್ಲ, ನನಗೂ ಇಲ್ಲ. ನಾನು ಶುರುವಿನಾಗ ಹೇಳಿದ್ದೂ ಇದನ್ನ.

ಕಾರ್ಯಕರ್ತೆ: ಅವರ ಮಕ್ಕಳು ಬೇಡ ಅಂದಿಲ್ಲ ಸರ್. ಶಾಲೆ ಬಿಟ್ಟು ಶೆಡ್ಡಿನಲ್ಲಿ ತಮ್ಮನನ್ನು ಆಡಿಸ್ತಾ ಕೂತ ಹುಡುಗಿಯನ್ನು ಯಾರೂ ಕೇಳಿಲ್ಲ.

ಹಿರಿಯರು: ಹಂಗಾದ್ರ ಮಕ್ಕಳಿಂದ ಶುರು ಮಾಡು. ಹಾಸ್ಟೆಲ್ ಕೇಳಾಕ ಮಕ್ಕಳ ಪಟ್ಟಿ ಸಾಕು. ಡಿಎಂಎಫ್‌ಗೂ ಹಾಕೋಣ, ಕೆಎಂಇಆರ್‌ಸಿಗೂ ಹಾಕೋಣ, ನಾನು ರುಜು ಹಾಕ್ತೀನಿ. ದೊಡ್ಡವರದ್ದು ಆಮ್ಯಾಲೆ.

ಮೇಸ್ತ್ರಿ: ಮಕ್ಕಳ ಹೆಸರು ಬೇಕಾದ್ರ ಈಗಲೇ ಬರೆಸ್ತೀನಿ.

ಕಾರ್ಯಕರ್ತೆ: ಮಕ್ಕಳ ಹೆಸರಿನ ಮುಂದೆ ಅಪ್ಪ ಅಮ್ಮ ಎಲ್ಲಿ, ಯಾರ ಹತ್ತಿರ ದುಡೀತಿದ್ದಾರೆ ಅಂತ ಒಂದು ಕಲಂ ಇರಲೇಬೇಕು ಅಣ್ಣ. ಅದು ಇಲ್ಲದಿದ್ದರೆ ಸುಳ್ಳು ಪಟ್ಟಿ ಅಂತ ವಾಪಸ್ ಕಳಿಸ್ತಾರೆ.

ಮೇಸ್ತ್ರಿ: ಸುತ್ತಿ ಬಳಸಿ ಅಲ್ಲಿಗೇ ಬಂದ್ರಲ್ಲ ಮತ್ತ.